ನಿಧಿ, ಭಂಡಾರ, ಪೆಟ್ಟಿಗೆ: ಒಂದು ಪದಬಳಕೆಯ ವಿಮರ್ಶೆ

ಇಂಗ್ಲಿಷಿನ 'ಟ್ರೆಷರ್ ಚೆಸ್ಟ್' ಎಂಬ ಪದಗುಚ್ಛವು ನಿತ್ಯವ್ಯವಹಾರದಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಹೊನ್ನು ಒಡವೆಗಳನ್ನಿಟ್ಟ ಬೀಗದ ಪೆಟ್ಟಿಗೆ ಎಂಬುದು ಅದರ ವಾಚ್ಯಾರ್ಥ. ಒಂದು ಗ್ರಂಥಾಲಯವನ್ನೋ ಹಳೆಯ ಕಾಗದಗಳ ಕಟ್ಟನ್ನೋ ಹಾಗೆ ಕರೆದಾಗ ಅದು ಲಕ್ಷ್ಯಾರ್ಥ. ಈ ಎರಡನೆಯ ಬಳಕೆಯು ನಮ್ಮ ಪತ್ರಿಕೆಗಳಿಗೂ ಭಾಷಣಗಳಿಗೂ ಇಳಿದು ಬಂದಿದ್ದು, 'ನಿಧಿ', 'ಭಂಡಾರ', 'ಖಜಾನೆ' ಎಂಬ ಮಾತುಗಳಲ್ಲಿ ಕೈಗೆ ಸಿಕ್ಕಿದ ಯಾವುದಾದರೊಂದರಿಂದ ಅದನ್ನು ಕನ್ನಡಿಸುವ ರೂಢಿ ಬೆಳೆದಿದೆ. ಈ ಮಾತುಗಳು ಒಂದಕ್ಕೊಂದು ಪರ್ಯಾಯಗಳಲ್ಲವೆಂಬುದು ನಮ್ಮ ಅಭಿಪ್ರಾಯ. ಅವುಗಳನ್ನು ಬೆರೆಸುವುದರಿಂದಾಗುವ ಹಾನಿಯೂ ಕೇವಲ ಭಾಷೆಯದಲ್ಲ.

ದಾನಶಾಸನಗಳು ಎಣಿಸುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದವು ಬರುತ್ತವೆ. ಅಲ್ಲಿ ನಿಧಿಯೆಂದರೆ ಭೂಮಿಯೊಳಗೆ ಹುದುಗಿದ್ದು, ಒಡೆಯನಾರೆಂದು ತಿಳಿಯದ್ದು. 1878ರ ನಿಧಿ ಕಾಯಿದೆಯೂ ನೆಲದಲ್ಲಿ ಅಡಗಿದ ಬೆಲೆಯುಳ್ಳ ವಸ್ತುವನ್ನೇ ನಿಧಿಯೆಂದು ಕರೆದು, ಬೆಲೆ 10 ರೂಪಾಯಿಗೆ ಮೇಲ್ಪಟ್ಟರೆ ಕಂಡವನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ಹೂತದ್ದು, ಅಗೆದು ತೆಗೆಯತಕ್ಕದ್ದು, ಕಂಡವನಿಗೆ ಸಲ್ಲಬಹುದಾದದ್ದು ಎಂಬ ಭಾವನೆಗಳು ಆ ಶಬ್ದದ ಬೆನ್ನು ಬಿಡವು.

ಭಂಡಾರವಾದರೋ ಲೆಕ್ಕವುಳ್ಳದ್ದು. ಅದಕ್ಕೊಬ್ಬ ಭಂಡಾರಿಯಿರುತ್ತಾನೆ, ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಅವನು ಉತ್ತರ ಹೇಳಬೇಕು. ಬಾಗೇವಾಡಿಯ ಬಸವಣ್ಣನವರು ಬಿಜ್ಜಳನಲ್ಲಿ ಭಂಡಾರಿಯಾಗಿದ್ದರೆಂಬುದು ವಾಚ್ಯಾರ್ಥದ ಮಾತು. ಅವರನ್ನು 'ಭಕ್ತಿಭಂಡಾರಿ' ಎಂದದ್ದು ಲಕ್ಷಣೆ. ಲಕ್ಷಣೆಗೆ ರೂಢಿಯಾದರೂ ಪ್ರಯೋಜನವಾದರೂ ಇರಬೇಕೆಂದು ಆಲಂಕಾರಿಕರು ಹೇಳುತ್ತಾರೆ. ಇಲ್ಲಿಯ ಪ್ರಯೋಜನ ನಿಚ್ಚಳವಾಗಿದೆ: ಅರಮನೆಯ ಭಂಡಾರಿಯು ಹಣವನ್ನು ತನ್ನದೆನ್ನದೆ ವಿನಿಯೋಗಿಸುವಂತೆ, ಇವರು ಭಕ್ತಿಯನ್ನು ತಮ್ಮದೆನ್ನದೆ ಹಂಚಿದರು. 'ಭಕ್ತಿನಿಧಿ' ಎಂದಿದ್ದರೆ ಈ ಧ್ವನಿ ಹೊರಡುತ್ತಿರಲಿಲ್ಲ.

ಖಜಾನೆಯ ವೃತ್ತಾಂತವು ಇನ್ನೂ ಸ್ವಾರಸ್ಯವಾದದ್ದು. ಕೂಡಿಡುವುದೆಂಬರ್ಥದ ಅರಬ್ಬಿ ಧಾತುವಿನಿಂದ ಅದು ಹುಟ್ಟಿತು. ಅದೇ ಧಾತುವಿನ 'ಮಖ್ಜನ್' ಎಂಬ ಉಗ್ರಾಣವಾಚಕವು ಯುರೋಪಿಗೆ ಹೋಗಿ 'ಮ್ಯಾಗಜಿನ್' ಆಯಿತು. 1731ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಅದನ್ನು ನಿಯತಕಾಲಿಕೆಯ ಹೆಸರಾಗಿಸಿತು. ವಿಜಯಪುರದ ಆದಿಲಶಾಹಿ ಕಾಲದ ನೀರಿನ ಗೋಪುರಗಳಿಗೆ 'ಗಂಜ್' ಎಂಬ ಹೆಸರಿದೆ. ಪಾರಸಿಯಲ್ಲಿ ಆ ಮಾತಿಗೂ ಭಂಡಾರವೆಂದೇ ಅರ್ಥ. ಈ ಒಣಸೀಮೆಯಲ್ಲಿ ತೊರವಿಯ ಕಡೆಯಿಂದ ಬಂದ ನೀರನ್ನು ಪಟ್ಟಣಕ್ಕೆ ಹಂಚುತ್ತಿದ್ದ ಗೋಪುರಕ್ಕೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತೋರದು. ಆಸಾರ್ ಮಹಲಿನಲ್ಲಿದ್ದ ಗ್ರಂಥಗಳ ಗತಿ ಬೇರೆಯಾಯಿತು. 19ನೆಯ ಶತಮಾನದ ನಡುವಿನಲ್ಲಿ ಅವು ಲಂಡನ್ನಿಗೆ ಸಾಗಿ ಇಂಡಿಯಾ ಆಫೀಸಿನ ಗ್ರಂಥಾಲಯವನ್ನು ಸೇರಿದವು. ಒಂದೂರಿನ ಭಂಡಾರವನ್ನು ಕಂಡವರು ನಿಧಿಯೆಂದೆಣಿಸಿದರು ಎನ್ನಬೇಕು.

ಈ ವಿವೇಚನೆಗೆ ಕಾರಣವಾದ ಪ್ರಸಂಗವನ್ನು ಮರೆಮಾಚಲಾಗದು. ಹಸ್ತಪ್ರತಿಗಳನ್ನರಸುತ್ತ ಟಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋದಾಗ, ಒಂದು ಮನೆಯ ಹಿರಿಯರು ದೇವರ ಜಗುಲಿಯ ಮೇಲಿದ್ದ ಮರದ ಪೆಟ್ಟಿಗೆಯನ್ನು ತೆರೆದು ತೋರಿಸಿದರು. ಒಳಗೆ ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳು. ವಿಭೂತಿ ಹಚ್ಚಿ ಪೂಜಿಸುತ್ತ ಬಂದುದರಿಂದ ಮೇಲುಗರಿಗಳ ಅಕ್ಷರಗಳು ಮಾಸಿದ್ದವು. ಹೊಗಳುವ ಉತ್ಸಾಹದಲ್ಲಿ ನಾವು "ಇದು ನಿಧಿ" ಎಂದೆವು. ಹಿರಿಯರ ಮುಖ ಬದಲಾಯಿತು. "ಆ ಮಾತು ಹೊರಗ ಆಡಬ್ಯಾಡ್ರಿ" ಎಂದವರೇ ಪೆಟ್ಟಿಗೆಯನ್ನು ಮುಚ್ಚಿದರು. ನಿಧಿಯಾಸೆಗೆ ಹಾಳುಗುಡಿಗಳನ್ನೂ ವೀರಗಲ್ಲುಗಳ ಬುಡವನ್ನೂ ರಾತ್ರಿಯಲ್ಲಿ ಅಗೆಯುವವರಿರುವ ನಾಡಿನಲ್ಲಿ ಅವರ ಅಂಜಿಕೆ ಅಕಾರಣವಲ್ಲ. ನಮ್ಮ ಲಕ್ಷ್ಯಾರ್ಥವು ಅವರಿಗೆ ವಾಚ್ಯವಾಗಿಯೇ ಕೇಳಿಸಿತು. ತಪ್ಪು ನಮ್ಮದು. ಎರಡನೆಯ ಸಲ ಹೋದಾಗ ಚಹಾ ದೊರೆಯಿತು, ಪೆಟ್ಟಿಗೆ ತೆರೆಯಲಿಲ್ಲ.

ಫ. ಗು. ಹಳಕಟ್ಟಿಯವರು ಇಂಥವೇ ಕಟ್ಟುಗಳಿಗಾಗಿ ಮನೆಮಠಗಳನ್ನು ಸುತ್ತಿದವರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನಾರಂಭಿಸಿದರು. ಇದನ್ನು 'ನಿಧಿಶೋಧ'ವೆಂದು ಬಣ್ಣಿಸುವುದುಂಟು. ಅದು ಒಪ್ಪತಕ್ಕದ್ದಲ್ಲ. ಆ ಓಲೆಗಳು ಹೂತಿರಲಿಲ್ಲ, ಒಡೆಯರಿಲ್ಲದೆಯೂ ಇರಲಿಲ್ಲ. ತಲೆತಲಾಂತರದಿಂದ ಅವುಗಳನ್ನು ಕಾಯ್ದವರಿದ್ದರು. ನಿಧಿಯೆಂದೊಡನೆ ಕಾಯ್ದವರು ಕಣ್ಮರೆಯಾಗಿ, ಕಂಡವನೊಬ್ಬನೇ ಉಳಿಯುತ್ತಾನೆ. ಹಳಕಟ್ಟಿಯವರು ಮಾಡಿದ್ದು ಭಂಡಾರಿಯ ಕೆಲಸ. ಅವರ ಪತ್ರಿಕೆಯು ಮೂಲಾರ್ಥದಲ್ಲಿಯೂ ಮ್ಯಾಗಜಿನ್ನೇ ಆಗಿತ್ತು.

ಬಳಕೆಯೇ ಪ್ರಮಾಣವಲ್ಲವೆ, ಗ್ರೀಕರ ಉಗ್ರಾಣವಾಚಕವಾದ 'ಥೆಸಾರಸ್' 1852ರಲ್ಲಿ ರೋಜೆಯ ಪದಕೋಶಕ್ಕೆ ಹೆಸರಾಗಲಿಲ್ಲವೆ ಎಂದು ಕೇಳಬಹುದು. ದಿಟ. ಆದರೆ ಆ ಪದಕೋಶದ ಸಲುವಾಗಿ ಯಾರೂ ಯಾರ ಮನೆಯ ನೆಲವನ್ನೂ ಅಗೆಯಲಿಲ್ಲ. ನಮ್ಮ ವಿಭಾಗದ ಹಸ್ತಪ್ರತಿಗಳ ಪಟ್ಟಿಯಲ್ಲಿ 'ದೊರೆತ ಸ್ಥಳ' ಎಂಬುದೊಂದು ಕಲಮಿದೆ. ಅದನ್ನು 'ಕಾಯ್ದವರ ಮನೆ' ಎಂದು ತಿದ್ದಬೇಕೆಂದು ಸೂಚಿಸುತ್ತೇವೆ.