ಉಟ್ಟ ಸೀರೆ ಯಾರ ಇಷ್ಟ?
ಕ್ವಿಯರ್ ಕಥೆಗಳ ರಸಿಕರಿಗೊಂದು ಕೈಪಿಡಿ

ಮೊದಲು ಎರಡು ಸಿನಿಮಾಗಳನ್ನು ಬೆನ್ನುಬೆನ್ನಿಗೆ ನೋಡಿ. ಒಂದು ಮರಾಠಿಯ ‘ಜೋಗವಾ’ (2009), ಇನ್ನೊಂದು ಕನ್ನಡದ ‘ನಾನು ಅವನಲ್ಲ... ಅವಳು’ (2015). ಉತ್ತರ ಕನ್ನಡದ ಹಳಿಯಾಳ, ಜೋಯಿಡಾ ಕಡೆಯವರಿಗೆ ಮರಾಠಿ ಪರಕೀಯವಲ್ಲ. ಎರಡನ್ನೂ ಸಬ್‌ಟೈಟಲ್‌ನ ಹಂಗಿಲ್ಲದೆ ನೋಡುವ ಭಾಗ್ಯ ಈ ಸೀಮೆಯ ಬಹಳ ಮಂದಿಗಿದೆ. ಮೊದಲನೆಯದಕ್ಕೆ ಉಪೇಂದ್ರ ಲಿಮಯೆ, ಎರಡನೆಯದಕ್ಕೆ ನಮ್ಮ ಸಂಚಾರಿ ವಿಜಯ್, ಇಬ್ಬರೂ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಪಡೆದರು. ಇಬ್ಬರೂ ಪರದೆಯ ಮೇಲೆ ಸೀರೆ ಉಡುತ್ತಾರೆ. ಆದರೆ ಆ ಎರಡು ಸೀರೆಗಳು ಒಂದೇ ಅಲ್ಲ.

‘ಜೋಗವಾ’ದ ತಾಯಪ್ಪನಿಗೆ ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಡಿಸುತ್ತಾರೆ. ಅವನಿಗೆ ಅದು ಬೇಡ. ಅವನು ಗಂಡಸಾಗಿಯೇ ಬದುಕಬೇಕು, ತನ್ನಂತೆಯೇ ದೇವಿಗೆ ಬಿಡಲ್ಪಟ್ಟ ಸುಲಿಯನ್ನು ಪ್ರೀತಿಸಬೇಕು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಕನ್ನಡ ಸಿನಿಮಾದಲ್ಲಿ ಮಾದೇಶ ವಿದ್ಯಾ ಆಗುತ್ತಾಳೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಹುಟ್ಟಿದ ಪಾತ್ರ ಅದು. ಅವಳಿಗೆ ಸೀರೆ ಬೇಕು, ಅದಕ್ಕಾಗಿ ಅವಳು ಮನೆ, ಊರು, ಓದು ಎಲ್ಲವನ್ನೂ ಪಣಕ್ಕಿಡುತ್ತಾಳೆ. ಸೆರಗು ಹಿಡಿದ ಕೈಯನ್ನು, ಭುಜವನ್ನು, ನಡಿಗೆಯನ್ನು ಗಮನಿಸಿ. ತಾಯಪ್ಪನ ಮೈ ಸೀರೆಯೊಳಗೆ ಮುದುಡುತ್ತದೆ. ವಿದ್ಯಾಳ ಮೈ ಸೀರೆಯೊಳಗೆ ಅರಳುತ್ತದೆ. ಗಂಡು ದೇಹದ ಮೇಲೆ ಹೆಣ್ಣು ಉಡುಗೆ ಕಂಡರೆ ಸಾಕು, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವ ಅಭ್ಯಾಸ ನಮಗಿದೆ. ಇಷ್ಟ ಯಾರದ್ದು ಎಂದು ಕೇಳಿಕೊಂಡು ನೋಡುವುದು ಈ ಪ್ರಕಾರದ ಮೊದಲ ಪಾಠ. ಇದನ್ನು ಕಲಿತರೆ ಮುಂದಿನದ್ದು ಸಲೀಸು.

ಈ ಪಾಠಕ್ಕೆ ಈ ಭಾಗದವರು ತೀರಾ ಹೊಸಬರೂ ಅಲ್ಲ. ಸವದತ್ತಿ ಇಲ್ಲಿಂದ ದೂರವಿಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರು ದೇವಿಯ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪಗಳನ್ನು ಕಂಡಿದ್ದಾರೆ, ಚೌಡಿಕೆಯ ನಾದ ಕೇಳಿದ್ದಾರೆ. ಯಕ್ಷಗಾನದ ಸ್ತ್ರೀವೇಷಕ್ಕೆ ಮನಸೋತವರಂತೂ ಜಿಲ್ಲೆಯ ತುಂಬ ಇದ್ದಾರೆ. ಆದರೆ ಇಲ್ಲೊಂದು ಎಚ್ಚರ ಬೇಕು. ಆಟ ಮುಗಿದ ಮೇಲೆ ಸ್ತ್ರೀವೇಷಧಾರಿ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ಜೋಗಪ್ಪನ ಸೀರೆ, ಟ್ರಾನ್ಸ್ ಹೆಣ್ಣಿನ ಸೀರೆ ಬೆಳಿಗ್ಗೆ ಕಳಚಿಡುವ ವೇಷವಲ್ಲ. ವೇಷ ನೋಡಿ ಪಳಗಿದ ಕಣ್ಣು ಸೂಕ್ಷ್ಮವನ್ನು ಬೇಗ ಹಿಡಿಯುತ್ತದೆ, ನಿಜ. ಹಾಗೆಯೇ ಎಲ್ಲವನ್ನೂ ವೇಷವೆಂದೇ ಸವಿದುಬಿಡುವ ಅಪಾಯವೂ ಅದಕ್ಕಿದೆ.

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ಇನ್ನೊಮ್ಮೆ ಹುಡುಕಿ ನೋಡಿ. ಬಳ್ಳಾರಿ ಸೀಮೆಯ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯಲು ಬಂದಿದ್ದರು. ಆಗ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಪ್ರಶಸ್ತಿಗೆ ಕೈಯೊಡ್ಡುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಕೆಲವೇ ಕ್ಷಣಗಳ ಆ ತುಣುಕು ದೇಶದ ಮೊಬೈಲುಗಳಲ್ಲೆಲ್ಲ ಓಡಾಡಿತು. ಟೀವಿಯಲ್ಲಿ ಸಾಮಾನ್ಯವಾಗಿ ಇಂಥವರನ್ನು ಕರುಣೆಗೆ ಇಲ್ಲವೇ ಗೇಲಿಗೆ ಕರೆಸುತ್ತಾರೆ. ಇಲ್ಲಿ ಜೋಗತಿಯೇ ಹರಸುವವಳು, ದೇಶದ ಮೊದಲ ಪ್ರಜೆ ಹರಕೆ ಪಡೆಯುವವರು. ಹತ್ತು ವರ್ಷದ ಸೀರಿಯಲ್ಲುಗಳು ಕೊಡಲಾಗದ್ದನ್ನು ಆ ಸೆರಗು ಕೊಟ್ಟಿತು ಎಂದೇ ನನ್ನ ನಂಬಿಕೆ. ಅದನ್ನು ಮತ್ತೆ ಮತ್ತೆ ಹಂಚಿ ಉಳಿಸಿದವರು ಯಾವ ವಾಹಿನಿಯವರೂ ಅಲ್ಲ, ಸಾಮಾನ್ಯ ನೋಡುಗರು.

ಎರಡನೆಯ ಪಾಠ: ಗುಟ್ಟು ಬಯಲಾಗುವ ದೃಶ್ಯಕ್ಕಿಂತ ಅದರ ನಂತರದ ದೃಶ್ಯಗಳಲ್ಲಿ ರಸ ಹೆಚ್ಚು. ಅಪ್ಪ ಬೈಯುವುದು, ಅಮ್ಮ ಅಳುವುದು, ಹಿನ್ನೆಲೆಯ ಪಿಟೀಲು, ಇಷ್ಟನ್ನು ಯಾರು ಬೇಕಾದರೂ ಬರೆದಾರು. ಮಾರನೆಯ ದಿನ ಆ ವ್ಯಕ್ತಿ ಕೆಲಸಕ್ಕೆ ಹೋದಾಗ ಏನಾಗುತ್ತದೆ ಎಂದು ಬರೆಯುವುದಕ್ಕೆ ಪ್ರತಿಭೆ ಬೇಕು. ‘ಮೇಡ್ ಇನ್ ಹೆವನ್’ ಸರಣಿಯ ಎರಡನೇ ಸೀಸನ್ (2023) ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮೆಹೆರ್ ಎಂಬ ಟ್ರಾನ್ಸ್ ಹೆಣ್ಣು ಮದುವೆ ಏರ್ಪಾಡು ಮಾಡುವ ಕಂಪನಿಯ ನೌಕರಳು. ಕೆಲಸದ ಒತ್ತಡ, ತಮಾಷೆ, ಪ್ರೀತಿಯ ಹುಡುಕಾಟ, ಅದರಲ್ಲಿ ತಿನ್ನುವ ಪೆಟ್ಟು ಎಲ್ಲವೂ ಅವಳಿಗಿವೆ. ಪಾತ್ರ ಮಾಡಿದವರು ಬೆಂಗಳೂರಿನ ತ್ರಿನೇತ್ರಾ ಹಲ್ದಾರ್ ಗುಮ್ಮರಾಜು. ಮಣಿಪಾಲದಲ್ಲಿ ಓದಿದ ವೈದ್ಯೆ, ಸ್ವತಃ ಟ್ರಾನ್ಸ್ ಹೆಣ್ಣು. ತಮ್ಮ ಪರಿವರ್ತನೆಯ ದಿನಗಳನ್ನು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ ಹೇಳುತ್ತ ಬಂದವರು. ಸರಣಿಗೆ ಬರುವ ಮೊದಲೇ ಅವರನ್ನು ಮೆಚ್ಚುವ ದೊಡ್ಡ ಬಳಗವಿತ್ತು. ಸಂಚಾರಿ ವಿಜಯ್ ಅವರ ನಟನೆಯನ್ನು ನಾನು ಎಂದೂ ಕಡಿಮೆ ಮಾಡಿ ಹೇಳಲಾರೆ, 2021ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡದ್ದು ಕನ್ನಡಕ್ಕೆ ತುಂಬಲಾರದ ನಷ್ಟ. ಆದರೂ ಮೆಹೆರ್ ಸುಮ್ಮನೆ ಕುಳಿತಿರುವ ಚೌಕಟ್ಟುಗಳಲ್ಲಿ ಸಿಗುವ ನಿರಾಳ ಬೇರೆಯೇ. ಅಲ್ಲಿ ಯಾರೂ ಏನನ್ನೂ ಸಾಬೀತು ಮಾಡುತ್ತಿಲ್ಲ.

ಬಿಗ್ ಬಾಸ್ ಕನ್ನಡಕ್ಕೂ ಇದೇ ಮಾತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. ಮರುತಿಂಗಳು ಶುರುವಾದ ಆರನೇ ಸೀಸನ್‌ನಲ್ಲಿ ಕ್ವಿಯರ್ ಸಮುದಾಯದ ಆಡಂ ಪಾಷಾ ಮನೆಯೊಳಗೆ ಹೋದರು. 2023ರ ಹತ್ತನೇ ಸೀಸನ್‌ಗೆ ಟ್ರಾನ್ಸ್ ಹೆಣ್ಣು, ಟ್ಯಾಟೂ ಕಲಾವಿದೆ ನೀತು ವನಜಾಕ್ಷಿ ಬಂದರು. ಪರಿಚಯದ ದಿನದ ಕಣ್ಣೀರನ್ನು ದಾಟಿ, ಅಡುಗೆಮನೆಯ ಜಗಳ, ಟಾಸ್ಕಿನ ಹಟ ನೋಡಿ. ಎಲ್ಲರಂತೆ ಜಗಳವಾಡುವ ಹಕ್ಕು ಸಿಕ್ಕ ದಿನವೇ ಪರದೆಯ ಮೇಲೆ ಒಂದು ಪೂರ್ತಿ ಮನುಷ್ಯಳು ಕಾಣಿಸುತ್ತಾಳೆ.

ಇನ್ನು ಸಾವು. ಈ ಕಥೆಗಳಲ್ಲಿ ಪ್ರೀತಿ ಕೈಗೂಡಿದ ಕೂಡಲೇ ಒಬ್ಬರು ಸಾಯುವುದು ಹಳೆಯ ರೋಗ. ಅಮೆರಿಕದ ‘ದಿ 100’ ಸರಣಿಯಲ್ಲಿ 2016ರ ಮಾರ್ಚ್ 3ರಂದು ಲೆಕ್ಸಾ ಎಂಬ ನಾಯಕಿ, ತನ್ನ ಪ್ರೇಯಸಿಯೊಡನೆ ಒಂದಾದ ಬೆನ್ನಿಗೇ ಗುರಿ ತಪ್ಪಿ ಬಂದ ಗುಂಡಿಗೆ ಬಲಿಯಾದಳು. ನೋಡುಗರು ಅತ್ತು ಸುಮ್ಮನಾಗಲಿಲ್ಲ. ನೊಂದ ಎಳೆಯರಿಗೆ ನೆರವಾಗುವ ಸಂಸ್ಥೆಗೆ ಹಣ ಕೂಡಿಸಿದರು, ಬರಹಗಾರರನ್ನು ಎದುರು ನಿಂತು ಕೇಳಿದರು, ಮರುವರ್ಷ ಲಾಸ್ ವೇಗಾಸ್‌ನಲ್ಲಿ ತಮ್ಮದೇ ಸಮಾವೇಶ ಕಟ್ಟಿದರು. ‘ಸೆನ್ಸ್8’ ಸರಣಿಯನ್ನು ನೆಟ್‌ಫ್ಲಿಕ್ಸ್ 2017ರಲ್ಲಿ ಅರ್ಧಕ್ಕೇ ನಿಲ್ಲಿಸಿದಾಗ ಜಗತ್ತಿನಾದ್ಯಂತ ಅಭಿಮಾನಿಗಳು ಬಿಡದೆ ಒತ್ತಾಯಿಸಿ, ಕಥೆ ಮುಗಿಸುವ ಒಂದು ದೀರ್ಘ ಕಂತನ್ನು 2018ರಲ್ಲಿ ಮಾಡಿಸಿಕೊಂಡರು. ಅಭಿಮಾನ ಎಂದರೆ ಕಟೌಟಿಗೆ ಹಾಲೆರೆಯುವುದು ಎಂದುಕೊಂಡವರು ಇದನ್ನು ಗಮನಿಸಬೇಕು. ಇಲ್ಲಿ ನೋಡುಗರೇ ಕೃತಿಯ ಅರ್ಧ ಭಾರ ಹೊತ್ತಿದ್ದಾರೆ. ಕತ್ತರಿಸಿ ಹೋದ ಕಥೆಗೆ ಮುಂದಿನ ಅಧ್ಯಾಯ ಬರೆಯುತ್ತಾರೆ, ದೃಶ್ಯಗಳನ್ನು ಜೋಡಿಸಿ ರೀಲ್ಸ್ ಮಾಡುತ್ತಾರೆ, ತಿಳಿಯದ ಭಾಷೆಗೆ ಸಬ್‌ಟೈಟಲ್ ಕೂಡಿಸುತ್ತಾರೆ.

ಇಂಥ ಅಭಿಮಾನಿ ಬಳಗದಿಂದ ಕೇಡೂ ಆಗಿದೆ. ಬ್ರಿಟನ್ನಿನ ‘ಹಾರ್ಟ್‌ಸ್ಟಾಪರ್’ ಸರಣಿಯ ನಟ ಕಿಟ್ ಕಾನರ್‌ಗೆ ಆಗ 18 ವರ್ಷ. ನೀನು ನಿಜಕ್ಕೂ ಯಾರು, ಹೇಳು ಎಂದು ಅಭಿಮಾನಿಗಳು ಪೀಡಿಸಿದರು. 2022ರ ಅಕ್ಟೋಬರ್ ಕೊನೆಗೆ ಅವನು ತಾನು ಬೈಸೆಕ್ಷುಯಲ್ ಎಂದು ಬರೆದು, ಹೀಗೆ ಬಲವಂತದಿಂದ ಹೇಳಿಸಿದ್ದಕ್ಕೆ ನೊಂದುಕೊಂಡ. ಅಂಥ ಪ್ರೀತಿಯ ಸರಣಿಯ ನೋಡುಗರೇ ಹೀಗೆ ಮಾಡಿದರಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪಾತ್ರವನ್ನು ಪ್ರೀತಿಸಿ, ನಟರ ಮನೆಯ ಕಿಟಕಿಗೆ ಇಣುಕಬೇಡಿ. ದಾಂಡೇಲಿಯಂಥ ಊರಿನಲ್ಲಿ ಈ ಶಿಸ್ತು ಇನ್ನೂ ಹತ್ತಿರದ್ದು. ಪಕ್ಕದ ಮನೆಯ ಹುಡುಗಿ ಅಥವಾ ಹುಡುಗ ಯಾವ ಸರಣಿ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಅದು ನಿಮ್ಮಲ್ಲೇ ಇರಲಿ.

ಮುಂದೇನು ಎಂದು ಕೇಳಿದರೆ ಚಿತ್ರ ಕಲಸಿಹೋಗಿದೆ. ಚೀನಾದಲ್ಲಿ ‘ಅಡಿಕ್ಟೆಡ್’ ಎಂಬ ಕ್ವಿಯರ್ ಸರಣಿಯನ್ನು 2016ರಲ್ಲಿ ಕೊನೆಯ ಮೂರು ಕಂತು ಬಾಕಿ ಇರುವಾಗಲೇ ಜಾಲತಾಣಗಳಿಂದ ಕಿತ್ತುಹಾಕಿದರು. ಥಾಯ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ. 2020ರ ‘ಟುಗೆದರ್’ ಸರಣಿಯನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆಯಾಗಿ ಬಿಟ್ಟರು, ಏಷ್ಯಾದುದ್ದಕ್ಕೂ ಹುಡುಗ ಹುಡುಗಿಯರು ಮುಗಿಬಿದ್ದು ನೋಡಿದರು, ಇಂಥ ಸರಣಿಗಳು ಅಲ್ಲಿ ಒಂದು ಉದ್ಯಮವೇ ಆದವು. 2025ರ ಜನವರಿ 23ರಿಂದ ಅಲ್ಲಿ ಸಲಿಂಗ ಮದುವೆಗೂ ಕಾನೂನಿನ ಮಾನ್ಯತೆ ಇದೆ. ನಮ್ಮಲ್ಲಿ ಆ ಮಾನ್ಯತೆಯನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಒಟಿಟಿ ಕಂಪನಿಗಳು ಲೆಕ್ಕ ನೋಡುವುದು ಎಷ್ಟು ಮಂದಿ ಶುರು ಮಾಡಿದರು, ಎಷ್ಟು ಮಂದಿ ಕೊನೆ ಮುಟ್ಟಿಸಿದರು ಎಂಬುದನ್ನು. ಆದ್ದರಿಂದ ಮೆಚ್ಚಿದ ಸರಣಿಯನ್ನು ಆಮೇಲೆ ನೋಡಿದರಾಯಿತು ಎಂದು ಬಿಡಬೇಡಿ, ಬಂದ ಹೊಸತರಲ್ಲೇ ಕೊನೆಯ ಕಂತಿನವರೆಗೆ ನೋಡಿ. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವವರು ದಾಂಡೇಲಿಗೋ ರಾಮನಗರಕ್ಕೋ ಬಂದಾಗ ಕಂತುಗಳನ್ನು ಡೌನ್‌ಲೋಡ್ ಮಾಡಿಕೊಂಡು ಹೋಗಿ. ಭಾಷೆಯ ಅಳುಕು ಬೇಡ. ಕನ್ನಡ, ಕೊಂಕಣಿ, ಮರಾಠಿ, ಉರ್ದುಗಳ ನಡುವೆ ಸಂತೆ ಮಾಡುವ, ಮುಂಡಗೋಡದಲ್ಲಾದರೆ ಟಿಬೆಟನ್ನರ ಮಾತೂ ಕಿವಿಗೆ ಬೀಳುವ ಜನಕ್ಕೆ ಥಾಯ್ ಸರಣಿಯ ಸಬ್‌ಟೈಟಲ್ ಎರಡು ಕಂತಿನಲ್ಲಿ ಒಗ್ಗುತ್ತದೆ.

ನನ್ನ ದೊಡ್ಡ ಆಸೆ ಕನ್ನಡದ್ದು. ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳು ಬಂದದ್ದು 2013ರಲ್ಲಿ, ಕೋರ್ಟಿನ 2018ರ ತೀರ್ಪಿಗಿಂತ ಐದು ವರ್ಷ ಮೊದಲು. ಜೊತೆಗಿದ್ದವನು ಮದುವೆಯಾಗಿ ಹೊರಟ ನೋವಿನಿಂದ ಹಿಡಿದು ಕಿಲಿಮಂಜಾರೋ ಹತ್ತುವವರೆಗೆ ಒಬ್ಬ ಮನುಷ್ಯನ ಬದುಕು ಅಲ್ಲಿ ಬೆಳೆಯುತ್ತದೆ. ನಾನು ಮೇಲೆ ಹೇಳಿದ, ಗುಟ್ಟು ಬಯಲಾದ ನಂತರದ ಬದುಕು ಅದರಲ್ಲಿ ತುಂಬಿ ತುಳುಕುತ್ತದೆ. ಎಂಟು ಹತ್ತು ಕಂತುಗಳ ಸರಣಿಗೆ ಅದಕ್ಕಿಂತ ಒಳ್ಳೆಯ ಕಚ್ಚಾವಸ್ತು ಕನ್ನಡದಲ್ಲಿ ನನಗೆ ಕಂಡಿಲ್ಲ. ಮಾಡುವವರು ಮಾಡಲಿ. ಅಲ್ಲಿಯವರೆಗೆ ಕಾಯುತ್ತ ಕೂರದೆ, ಓದದವರು ಈಗಲೇ ಪುಸ್ತಕ ತರಿಸಿಕೊಳ್ಳಿ, ಓದಿದವರು ಇನ್ನೊಬ್ಬರಿಗೆ ದಾಟಿಸಿ.