ಧಾತುವಿನ ಬಲ

ಶ್ರುತಿಯು ತಾಯಿ, ಲಯವು ತಂದೆ ಎಂಬ ಮಾತನ್ನು ಸಂಗೀತಪಾಠ ನಡೆಯುವ ಮನೆಗಳಲ್ಲೆಲ್ಲ ಕೇಳಬಹುದು. ಆದರೆ ವ್ಯವಹಾರದಲ್ಲಿ ತಾಯಿಗೆ ಸಲ್ಲುವ ಮರ್ಯಾದೆ ತಂದೆಗೆ ಸಲ್ಲುತ್ತಿರುವಂತೆ ಕಾಣುವುದಿಲ್ಲ. ಹೊಸ ಹಾಡೊಂದಕ್ಕೆ ಮಟ್ಟು ಹಾಕಲು ಕುಳಿತವನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದು ಯಾವ ರಾಗದಲ್ಲಿದ್ದರೆ ಚೆನ್ನು ಎಂಬುದು. ಕರುಣಕ್ಕೆ ಇಂಥದು, ಭಕ್ತಿಗೆ ಇಂಥದು ಎಂದು ರಾಗವನ್ನು ಆರಿಸಿ, ಅದರ ಸಂಚಾರಗಳನ್ನು ಮನಸ್ಸಿನಲ್ಲಿರಿಸಿಕೊಂಡು, ಸಾಹಿತ್ಯವನ್ನು ಅದರ ಮೇಲೆ ಹರಡುತ್ತಾನೆ. ತಾಳವೆಂಬುದು ಕಡೆಯಲ್ಲಿ ಬರುತ್ತದೆ. ಎಂಟು ಎಣಿಕೆಗೆ ಹೊಂದಿದರೆ ಆದಿ, ಹೊಂದದಿದ್ದರೆ ರೂಪಕ. ಹೀಗೆ ಹುಟ್ಟಿದ ಮಟ್ಟು ರಾಗಶುದ್ಧವಾಗಿಯೇ ಇರುತ್ತದೆ; ಕೇಳಿದವರು ತಲೆಯನ್ನೂ ತೂಗುತ್ತಾರೆ; ಮನೆ ಸೇರುವಷ್ಟರಲ್ಲಿ ಅದನ್ನು ಮರೆತೂ ಬಿಡುತ್ತಾರೆ. ದೋಷವಿಲ್ಲದ ಮಟ್ಟು ಕಿವಿಯಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಇದರ ಉತ್ತರಕ್ಕಾಗಿ ದೊಡ್ಡ ಶಾಸ್ತ್ರಗ್ರಂಥಗಳನ್ನು ತೆರೆಯಬೇಕಾಗಿಲ್ಲ. ವೀಣೆ ಕಲಿಯುವ ಹುಡುಗಿಯ ಪಾಠದಲ್ಲಿಯೇ ಅದು ಇದೆ. ಸಪ್ತತಾಳದ ಅಲಂಕಾರಗಳನ್ನು ನೋಡಿರಿ. ಏಳಕ್ಕೂ ಮೊದಲನೆಯ ಸಾಲಿನಲ್ಲಿರುವುದು ಸರಿಗಮ ಎಂಬ ನಾಲ್ಕೇ ಸ್ವರ. ಏಕತಾಳದಲ್ಲಿ ಅವು ‘ಸರಿಗಮ’ ಎಂದು ನೇರವಾಗಿ ನಡೆದುಬಿಡುತ್ತವೆ. ರೂಪಕದಲ್ಲಿ ‘ಸರಿ, ಸರಿಗಮ’ ಎಂದು ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ಬಂದು, ಮತ್ತೆ ಹೊರಡುತ್ತವೆ. ತ್ರಿಪುಟದಲ್ಲಿ ‘ಸರಿಗ, ಸರಿ, ಗಮ’ ಎಂದು ಮೂರು ತುಂಡಾಗುತ್ತವೆ. ಅಟ್ಟತಾಳಕ್ಕೆ ಬಂದಾಗಲಂತೂ ಋಷಭ ಒಂದೆಡೆ, ಗಾಂಧಾರ ಒಂದೆಡೆ, ಷಡ್ಜ ಒಂದೆಡೆ ನಿಂತು ನಿಂತು ಸಾಗಿ, ಕಡೆಗೆ ಮಧ್ಯಮವು ಎರಡು ದ್ರುತಗಳಲ್ಲಿ ಎರಡು ಸಲ ಊರುತ್ತದೆ. ಸ್ವರಸಾಮಗ್ರಿ ಬದಲಾಗಲಿಲ್ಲ, ಮುಖ ಏಳು ಸಲ ಬದಲಾಯಿತು. ಪುರಂದರದಾಸರ ಹೆಸರಿನಲ್ಲಿ ಸಂಪ್ರದಾಯವು ನಡೆಸಿಕೊಂಡು ಬಂದ ಈ ಪಾಠಕ್ರಮವನ್ನು ಬೆರಳಿನ ಸಾಧನೆಯೆಂದು ಮಾತ್ರ ಎಣಿಸುವವರು ಅದರ ಅರ್ಧ ಪ್ರಯೋಜನವನ್ನು ಕಳೆದುಕೊಳ್ಳುತ್ತಾರೆ. ಧಾತುರಚನೆಯ ಮೊದಲ ಪಾಠವೂ ಅದೇ ಆಗಿದೆ.

ಇನ್ನೊಂದು ಚಿಕ್ಕ ಪರೀಕ್ಷೆಯನ್ನು ಯಾರಾದರೂ ಮಾಡಿ ನೋಡಬಹುದು. ಮೋಹನದ ಸ, ರಿ, ಗ, ಪ ಎಂಬ ನಾಲ್ಕು ಸ್ವರಗಳಿಗೆ ಎರಡೆರಡು ಎಣಿಕೆ ಕೊಟ್ಟು ಹಾಡಿದರೆ ಅದು ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ಅದೇ ಎಂಟು ಎಣಿಕೆಯಲ್ಲಿ ಷಡ್ಜಕ್ಕೆ ಮೂರು, ಋಷಭಕ್ಕೆ ಒಂದು, ಗಾಂಧಾರ ಪಂಚಮಗಳಿಗೆ ಎರಡೆರಡು ಕೊಟ್ಟರೆ ಋಷಭವು ಗಾಂಧಾರದ ಕಡೆಗೆ ಜಾರುತ್ತದೆ. ಕೇಳುವವನಿಗೆ ಮುಂದೇನು ಎಂಬ ನಿರೀಕ್ಷೆ ಹುಟ್ಟುತ್ತದೆ. ಏಳು ಎಣಿಕೆಯಲ್ಲಿ ಷಡ್ಜಕ್ಕೆ ಒಂದು, ಋಷಭಕ್ಕೆ ಎರಡು, ಗಾಂಧಾರಕ್ಕೆ ಒಂದು, ಪಂಚಮಕ್ಕೆ ಮೂರು ಹಂಚಿದರೆ ಅದು ಮತ್ತೊಂದೇ ಹಾಡಿನ ಮೊದಲು. ಮೂರರಲ್ಲಿ ಯಾವುದು ಮೇಲು ಎಂಬುದು ರುಚಿಯ ಮಾತು. ಮೊದಲನೆಯದು ಮಾತ್ರ ಹಾಡಲ್ಲ ಎಂಬುದು ರುಚಿಯ ಮಾತಲ್ಲ.

ರಾಗಭಾವವೇ ಸರ್ವಸ್ವ, ಆಲಾಪನೆಗೆ ತಾಳವೆಲ್ಲಿದೆ ಎಂದು ಇಲ್ಲಿ ಆಕ್ಷೇಪಿಸಬಹುದು. ತಾಳವಿಲ್ಲ, ನಿಜ, ಕಾಲವಿಲ್ಲದೆ ಇಲ್ಲ. ಆರಭಿ, ದೇವಗಾಂಧಾರಿಗಳೆರಡೂ ಧೀರಶಂಕರಾಭರಣದ ಜನ್ಯಗಳು. ಆರೋಹಣದಲ್ಲಿ ಗಾಂಧಾರ ನಿಷಾದಗಳನ್ನು ಬಿಟ್ಟು, ಅವರೋಹಣದಲ್ಲಿ ಏಳನ್ನೂ ಹಿಡಿಯುವ ಲೆಕ್ಕ ಎರಡಕ್ಕೂ ಒಂದೇ. ಹಾಗಿದ್ದರೂ ಕೇಳಿ ಬಲ್ಲವರಾರೂ ಒಂದನ್ನು ಇನ್ನೊಂದೆಂದು ಭ್ರಮಿಸುವುದಿಲ್ಲ. ಗಮಕದ ಭೇದವಿದೆಯೆಂಬುದನ್ನು ಒಪ್ಪಬೇಕು. ಆದರೆ ಅದಕ್ಕಿಂತ ಮೊದಲು ಕಿವಿಗೆ ಬೀಳುವುದು ನಡೆಯ ಭೇದ. ಆರಭಿ ಚುರುಕಾಗಿ, ಸ್ವರದಿಂದ ಸ್ವರಕ್ಕೆ ನಿಲ್ಲದೆ ಹೋಗುತ್ತದೆ. ದೇವಗಾಂಧಾರಿ ವಿಳಂಬದಲ್ಲಿ ದೀರ್ಘವಾದ ಕಾರ್ವೆಗಳ ಮೇಲೆ ತೂಗುತ್ತದೆ. ತ್ಯಾಗರಾಜರು (1767–1847) ಆರಭಿಯಲ್ಲಿ ‘ಸಾಧಿಂಚೆನೆ’ಯನ್ನೂ ದೇವಗಾಂಧಾರಿಯಲ್ಲಿ ‘ಕ್ಷೀರಸಾಗರ ಶಯನ’ವನ್ನೂ ರಚಿಸಿದರು. ಮೊದಲನೆಯದನ್ನು ಎರಡನೆಯದರ ಕಾಲಕ್ಕೆ ಇಳಿಸಿ ಹಾಡಿದರೆ ಸಾಹಿತ್ಯದ ಕೊಂಕು ಮಾತೆಲ್ಲ ಸಪ್ಪೆಯಾಗುವುದಲ್ಲದೆ, ರಾಗವೇ ಕೈಜಾರುವ ಭಯವುಂಟು. ಎಂದಮೇಲೆ ಸ್ವರವು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ರಾಗಕ್ಕೆ ಹೊರಗಿನ ವಿಷಯವೆಂದು ಹೇಳುವುದು ಹೇಗೆ?

ಸ್ವರವು ನಿಲ್ಲುವ ಅವಧಿಯಂತೆಯೇ ಅದು ಹೊರಡುವ ಎಡೆಯೂ ಮುಖ್ಯ. ಇದರಲ್ಲಿ ತ್ಯಾಗರಾಜರಷ್ಟು ಜಾಣ್ಮೆ ತೋರಿದವರು ವಿರಳ. ಅವರ ಎಷ್ಟೋ ಕೃತಿಗಳು ದೇಶಾದಿಯಲ್ಲಿವೆ. ಅಂದರೆ ತಾಳದ ಸಮ ಬಿದ್ದು ಒಂದೂವರೆ ಅಕ್ಷರ ಕಳೆದಮೇಲೆ ಹಾಡಿನ ಎತ್ತುಗಡೆ. ಇದು ಕೇವಲ ಚಮತ್ಕಾರವೆಂದು ತೋರಬಹುದು. ಆದರೆ ಅದರಿಂದ ಆಗುವ ಕೆಲಸ ದೊಡ್ಡದು. ಸಮದ ಪೆಟ್ಟು ಬಿದ್ದಾಗ ಹಾಡುವವನು ಮೌನವಾಗಿರುತ್ತಾನೆ. ಆ ಪೆಟ್ಟಿನಿಂದ ಹುಟ್ಟಿದ ಒತ್ತಡವೆಲ್ಲ ಮೊದಲನೆಯ ಮಾತಿನ ಬೆನ್ನಿಗೆ ಬಂದು ಅದನ್ನು ಮುಂದಕ್ಕೆ ನೂಕುತ್ತದೆ. ಸಾಲಿನ ಕೊನೆಯಲ್ಲಿಯೂ ಹಾಗೆಯೇ: ಕಡೆಯ ಸ್ವರವು ಮುಂದಿನ ಆವರ್ತದ ಸಮವನ್ನು ದಾಟಿ ಬಂದು ವಿಶ್ರಮಿಸಲು ಒಂದೂವರೆ ಅಕ್ಷರದ ಜಾಗ ಸಿಗುತ್ತದೆ. ಉಸಿರಿಗೆ ಎಡೆಯಾಯಿತು, ಸಾಲು ತುಂಡಾಗಲಿಲ್ಲ. ಹಂಸನಾದದ ‘ಬಂಟುರೀತಿ ಕೊಲು’ವನ್ನು ತೆಗೆದುಕೊಳ್ಳಿರಿ. ಧೈವತವನ್ನು ಬಿಟ್ಟು ಐದು ಸ್ವರಗಳಲ್ಲಿಯೇ ಈ ರಾಗವನ್ನು ಹಾಡುವುದು ಈಗಿನ ರೂಢಿ. ವಿಸ್ತಾರಕ್ಕೆ ಅಲ್ಲಿ ಅವಕಾಶ ಕಡಮೆ. ರಾಮನ ಬಳಿ ಬಂಟನ ಸೇವೆಯನ್ನು ಬೇಡುವ ಆ ಕೃತಿಯಲ್ಲಿ ದೈನ್ಯದ ಜೊತೆಗೇ ಒಂದು ಸಿಪಾಯಿಯ ಎದೆಗಾರಿಕೆ ಕೇಳಿಸುವುದಾದರೆ ಅದಕ್ಕೆ ಕಾರಣ ಐದು ಸ್ವರಗಳಲ್ಲ; ಸಮವನ್ನು ಬಿಟ್ಟುಕೊಟ್ಟು ಮರುಕ್ಷಣದಲ್ಲಿ ಎದ್ದುನಿಲ್ಲುವ ಆ ಎತ್ತುಗಡೆ. ಅದನ್ನೇ ಸಮಕ್ಕೆ ತಂದು ಹಾಡಿ ನೋಡಿದರೆ ಬಂಟನು ಕಾಣೆಯಾಗುತ್ತಾನೆ.

ಶ್ಯಾಮಾಶಾಸ್ತ್ರಿಗಳ (1762–1827) ಮಾರ್ಗ ಬೇರೆ. ಅವರ ಭೈರವಿಯ ಸ್ವರಜತಿ, ‘ಕಾಮಾಕ್ಷೀ ಅನುದಿನಮು’, ಈ ವಿಚಾರದಲ್ಲಿ ಪರೀಕ್ಷೆಗೆ ಅತ್ಯಂತ ಯೋಗ್ಯವಾದ ರಚನೆ. ಅದರ ಎಂಟು ಚರಣಗಳಲ್ಲಿ ಮೊದಲನೆಯದು ಷಡ್ಜದಿಂದ, ಎರಡನೆಯದು ಋಷಭದಿಂದ, ಹೀಗೆ ಒಂದೊಂದು ಸ್ವರವನ್ನೇ ಏರಿ, ಎಂಟನೆಯದು ತಾರಷಡ್ಜದಿಂದ ಹೊರಡುತ್ತದೆ. ಕಾಗದದ ಮೇಲೆ ಬರೆದು ನೋಡಿದರೆ ಇದಕ್ಕಿಂತ ಸರಳವಾದ, ಬಹುಶಃ ಇದಕ್ಕಿಂತ ಅಪಾಯಕರವಾದ ಯೋಜನೆ ಇನ್ನೊಂದಿಲ್ಲ. ಮೆಟ್ಟಿಲು ಏರುವ ಮಗುವಿನ ಆಟವದು. ಸಾಮಾನ್ಯನ ಕೈಯಲ್ಲಿ ಸಿಕ್ಕಿದ್ದರೆ ಮೂರನೆಯ ಚರಣಕ್ಕೇ ಬೇಸರ ಬರುತ್ತಿತ್ತು. ಶಾಸ್ತ್ರಿಗಳಲ್ಲಿ ಹಾಗಾಗದಿರುವುದಕ್ಕೆ ಭೈರವಿಯ ಗಾಂಭೀರ್ಯ ಒಂದು ಕಾರಣ. ಆದರೆ ಆ ಗಾಂಭೀರ್ಯವನ್ನು ಎತ್ತಿ ಹಿಡಿದಿರುವುದು ಮಿಶ್ರಛಾಪು. ಏಳು ಮಾತ್ರೆಯು ಮೂರು ನಾಲ್ಕಾಗಿ ಒಡೆಯುವುದರಿಂದ ಆವರ್ತದ ಎರಡು ಭಾಗಗಳು ಎಂದಿಗೂ ಸಮನಾಗುವುದಿಲ್ಲ. ಮೊದಲ ಭಾಗದಲ್ಲಿ ಹೇಳಿದ ಪಲುಕನ್ನು ಎರಡನೆಯದರಲ್ಲಿ ಹಾಗೆಯೇ ಹೇಳಲು ಬಾರದು. ಒಂದು ಮಾತ್ರೆ ಹಿಗ್ಗಿಸಬೇಕು, ಇಲ್ಲವೆ ಒಂದು ಸ್ವರ ಸೇರಿಸಬೇಕು. ಹೀಗೆ ತಾಳವೇ ಧಾತುವನ್ನು ಪುನರುಕ್ತಿಯಿಂದ ಕಾಯುತ್ತದೆ. ಮೂರರಲ್ಲಿ ಸ್ವಲ್ಪ ಅವಸರ, ನಾಲ್ಕರಲ್ಲಿ ಸ್ವಲ್ಪ ನಿಲುಗಡೆ. ಬೇಡುವವನ ಉಸಿರಿನ ರೀತಿಯೇ ಅದು. ಸ್ವರಜತಿಯೆಂಬುದು ಮೊದಲು ನೃತ್ಯಕ್ಕೆ ಸೇರಿದ, ಜತಿಗಳನ್ನುಳ್ಳ ರಚನೆಯಾಗಿತ್ತು. ಶಾಸ್ತ್ರಿಗಳು ಜತಿಯ ಸೊಲ್ಲುಗಳನ್ನು ತೆಗೆದುಹಾಕಿ ಅದನ್ನು ಗಾನಕ್ಕೆ ಒಗ್ಗಿಸಿದರು. ಸೊಲ್ಲು ಹೋಯಿತು, ಹೆಜ್ಜೆ ಉಳಿಯಿತು. ಅವರ ಪೂರ್ವಿಕಲ್ಯಾಣಿಯ ‘ನಿನ್ನು ವಿನಾಗ ಮರಿ’ಯಲ್ಲಿ ಇದೇ ಏಳು ತಿರುಗುಮುರುಗಾಗಿ, ನಾಲ್ಕು ಮೊದಲು, ಮೂರು ಆಮೇಲೆ ಬರುತ್ತವೆ. ವಿಲೋಮಛಾಪು ಎಂದು ಅದಕ್ಕೆ ಹೆಸರು. ಎಣಿಕೆಯ ಮೊತ್ತ ಅದೇ. ಧಾತುವಿನ ಮೊಗವೇ ಬೇರೆ.

ಮುತ್ತುಸ್ವಾಮಿ ದೀಕ್ಷಿತರಲ್ಲಿ (ನಿಧನ 1835) ವಿಳಂಬಗತಿಯೇ ಪ್ರಧಾನ. ಆ ಮಂದಗಮನದ ಕೊನೆಗೆ ಅವರು ಮಧ್ಯಮಕಾಲದ ಸಾಹಿತ್ಯವನ್ನು ಜೋಡಿಸುವುದು ಪ್ರಸಿದ್ಧವಾಗಿಯೇ ಇದೆ. ಅದಕ್ಕಿಂತ ಇಲ್ಲಿ ಉಪಯುಕ್ತವಾದವು ಅವರ ನೊಟ್ಟುಸ್ವರ ಸಾಹಿತ್ಯಗಳು. ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ರಚಿಸಿದ ಸುಮಾರು ನಲವತ್ತು ಚಿಕ್ಕ ಹಾಡುಗಳವು. ‘ಶಕ್ತಿಸಹಿತ ಗಣಪತಿಂ’ ಮಕ್ಕಳ ಬಾಯಲ್ಲಿಯೂ ಇದೆ. ಗಮಕವಿಲ್ಲ, ರಾಗವಿಸ್ತಾರವಿಲ್ಲ, ಶಂಕರಾಭರಣದ ಬರಿಯ ಸ್ವರಗಳು. ಕರ್ಣಾಟಕ ಸಂಗೀತದ ಅಳತೆಗೋಲಿನಿಂದ ನೋಡಿದರೆ ಇವು ಬಡವಾಗಿರಬೇಕು. ಆದರೂ ಒಮ್ಮೆ ಕೇಳಿದ ಮಗು ಬಿಡದೆ ಹಾಡುತ್ತದೆ. ಆಭರಣವೆಲ್ಲವನ್ನೂ ತೆಗೆದಮೇಲೆ ಉಳಿದ ಎಲುಬು ಗಟ್ಟಿಯಾಗಿರುವುದೇ ಇದಕ್ಕೆ ಕಾರಣ. ಆ ಎಲುಬು ಲಯ.

ಲಯವೆಂದೊಡನೆ ಲೆಕ್ಕವೆಂದು ತಿಳಿಯುವ ಇನ್ನೊಂದು ಪಕ್ಷವುಂಟು. ನೂರ ಇಪ್ಪತ್ತೆಂಟು ಅಕ್ಷರದ ಸಿಂಹನಂದನದಲ್ಲಿ ಪಲ್ಲವಿ ಹಾಡುವುದು ಸಾಹಸವೇ ಸರಿ. ಅದನ್ನು ಕೇಳುವ ಸಭೆಯಲ್ಲಿ ಬೆರಳು ಮಡಿಸುವವರೇ ಹೆಚ್ಚು, ರಾಗವನ್ನು ಅನುಭವಿಸುವವರು ಕಡಮೆ. ಆ ವಿದ್ಯೆಯ ಸ್ಥಾನ ಬೇರೆ. ಧಾತುವಿಗೆ ಬೇಕಾದ ಲಯವು ಕೇಳುವವನ ಅರಿವಿಗೆ ಬಾರದೆ ಕೆಲಸ ಮಾಡುವಂಥದು.

ಕನ್ನಡ ಹಾಡುಗಳಲ್ಲಿ ಈ ಲಯದ ಬೀಜ ಸಾಹಿತ್ಯದಲ್ಲಿಯೇ ಇರುತ್ತದೆಯೆಂಬುದನ್ನು ಮಟ್ಟು ಹಾಕುವವರು ಮರೆಯಬಾರದಾಗಿತ್ತು. ‘ಕೆರೆಯ ನೀರನು’ ಎಂಬ ಮಲಹರಿಯ ಗೀತವನ್ನೇ ನೋಡಿರಿ. ಕೆರೆಯ ಎಂಬಲ್ಲಿ ಮೂರು ಮಾತ್ರೆ, ನೀರನು ಎಂಬಲ್ಲಿ ನಾಲ್ಕು. ತ್ರಿಪುಟದ ಲಘುವಿಗೆ ಮೂರು, ಎರಡು ದ್ರುತಗಳಿಗೆ ನಾಲ್ಕು. ತಾಳವನ್ನು ಹೊರಗಿನಿಂದ ತಂದು ಹೊದಿಸಿದಂತಿಲ್ಲ. ಅಕ್ಷರಕ್ಕೊಂದು ಸ್ವರವೆಂಬಷ್ಟು ಸರಳವಾದ ಆ ಪುಟ್ಟ ಗೀತವು ಶತಮಾನಗಳಿಂದ ಸವೆಯದೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ. ಕುಮಾರವ್ಯಾಸನ ಭಾಮಿನಿಯೂ ಮೂರು ನಾಲ್ಕರ ಗಣಗಳ ಮೇಲೆಯೇ ನಡೆಯುತ್ತದೆ. ಗಮಕಿಯು ತಾಳ ಹಾಕದೆ, ರಾಗದಿಂದ ರಾಗಕ್ಕೆ ಹೋಗುತ್ತ ಓದಿದರೂ ಆ ಏಳರ ತೊನೆತ ಕೇಳುವವರನ್ನು ಬಿಡುವುದಿಲ್ಲ. ಬೇಂದ್ರೆಯವರ (1896–1981) ಗೀತಗಳಲ್ಲಂತೂ ನಡೆಯು ಮೊದಲು ಹುಟ್ಟಿ, ಮಾತು ಅದನ್ನು ಹಿಂಬಾಲಿಸಿ ಬಂದಂತೆ ತೋರುತ್ತದೆ.

ಇಂಥ ಸಾಹಿತ್ಯ ಕೈಗೆ ಸಿಕ್ಕಾಗಲೂ ಮಟ್ಟು ಹಾಕುವವರು ಎಂಟರ ಎಣಿಕೆಯೊಳಗೆ ಅದನ್ನು ತುರುಕಿ, ಉಳಿದ ಮಾತ್ರೆಯನ್ನು ತುಂಬಲು ಲಘುವನ್ನು ಎಳೆಯುತ್ತಾರೆ. ಹೀಗೆ ಎಳೆದಲ್ಲಿ ‘ಹರಿ ಬಂದ’ನೆಂಬುದು ‘ಹಾರಿ ಬಂದ’ನೆಂದಾಗುತ್ತದೆ, ‘ಕೊಡು’ ಎಂದು ಬೇಡಿದವನಿಗೆ ‘ಕೋಡು’ ದೊರೆಯುತ್ತದೆ. ನಗುವ ಮಾತು ಇರಲಿ. ಅರ್ಥ ಕೆಡುವುದಕ್ಕಿಂತ ದೊಡ್ಡ ಹಾನಿ ಇದರಲ್ಲಿದೆ. ಎಳೆಯಬಾರದಲ್ಲಿ ಎಳೆದದ್ದರಿಂದ ನಿಲ್ಲಬೇಕಾದಲ್ಲಿ ನಿಲ್ಲಲು ಕಾಲ ಸಾಲದು. ರಾಗದ ಜೀವಸ್ವರವು ಅನಾಥವಾದ ವಿಭಕ್ತಿಪ್ರತ್ಯಯದ ಮೇಲೆ ಬೀಳುತ್ತದೆ. ಮುಖ್ಯವಾದ ಪದವು ಹಾದಿಯಲ್ಲಿ ಸಿಕ್ಕಿದ ಸ್ವರವನ್ನು ಹಿಡಿದು ಓಡುತ್ತದೆ. ಹಾಗೆಂದು ಛಂದಸ್ಸಿನ ಮಾತ್ರೆಗಳನ್ನು ಒಂದಕ್ಕೊಂದು ಎಂಬಂತೆ ಹಾಡಬೇಕೆಂದೂ ಅಲ್ಲ. ಅದು ಮತ್ತೆ ಮಗ್ಗಿಯೇ. ಪದವು ಸಹಜವಾಗಿ ಎಲ್ಲಿ ಬೀಳುತ್ತದೆಂದು ತಿಳಿದವನಿಗೆ ಮಾತ್ರ ಅದನ್ನು ಅರ್ಧ ಅಕ್ಷರ ತಡೆದು ಬೀಳಿಸುವ ಅಧಿಕಾರವುಂಟು. ತ್ಯಾಗರಾಜರು ಒಂದೂವರೆ ಅಕ್ಷರ ತಡೆದದ್ದು ತಿಳಿದು ತಡೆದದ್ದು.

ದಾಸರ ಪದಗಳ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯ. ಆ ಪದಗಳಲ್ಲಿ ಬಹುಪಾಲಿನ ಮೂಲ ಮಟ್ಟುಗಳು ಉಳಿದುಬಂದಿಲ್ಲ. ಇಂದು ಕೇಳಿಬರುವವು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕೂಡಿಸಿದವು. ಅವುಗಳಲ್ಲಿ ಬಹಳ ಸೊಗಸಾದವೂ ಇವೆ. ಹೊಸದಾಗಿ ಕೂಡಿಸಹೊರಟವರು ಹಳೆಯ ಮುದ್ರಣಗಳಲ್ಲಿ ಪದದ ತಲೆಯ ಮೇಲೆ ಕೊಟ್ಟಿರುವ ರಾಗದ ಹೆಸರನ್ನು ಕುರಿತು ಚರ್ಚೆ ಮಾಡುತ್ತಾರೆ. ಪಕ್ಕದಲ್ಲಿಯೇ ಇರುವ ಅಟ್ಟತಾಳ, ಝಂಪೆತಾಳ ಎಂಬ ಹೆಸರನ್ನು ದಾಟಿಹೋಗಿ ಆದಿತಾಳದಲ್ಲಿ ಹಾಡಿಬಿಡುತ್ತಾರೆ. ಸುಳಾದಿಗಳ ಗತಿಯಂತೂ ಹೇಳತಕ್ಕುದಲ್ಲ. ಒಂದೊಂದು ಖಂಡಕ್ಕೆ ಒಂದೊಂದು ತಾಳ, ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ಸಾಗಿ ಜತೆಯೊಡನೆ ಮುಗಿಯುವ ರಚನೆಗಳವು. ವಿಜಯದಾಸರಿಗೆ ಸುಳಾದಿ ದಾಸರೆಂಬ ಖ್ಯಾತಿಯೇ ಬಂದಿತು. ಈಗ ಅವು ಹಾಡುವುದಕ್ಕಿಂತ ಓದುವುದಕ್ಕೇ ಹೆಚ್ಚಾಗಿ ಒದಗುತ್ತಿವೆ. ಆದರೆ ಧಾತು ಹೋದರೂ ಖಂಡಖಂಡದ ತಲೆಯ ಮೇಲೆ ತಾಳದ ಹೆಸರು ಉಳಿದಿದೆ. ಬರೆದಿಟ್ಟವರು ಯಾವುದನ್ನು ಬಿಡಲಾರದೆ ಬರೆದರೋ ಅದರಿಂದಲೇ ಮಟ್ಟಿನ ಕೆಲಸವನ್ನು ಆರಂಭಿಸಲು ಇಂದಿನ ವಿದ್ವಾಂಸರಿಗೆ ಅಡ್ಡಿಯೇನೂ ಇಲ್ಲ. ಅಲಂಕಾರ ಕಲಿಸುವ ಮನೆಗಳಲ್ಲಿ ಆ ಏಳು ತಾಳಗಳೂ ಪ್ರತಿದಿನ ಬೆಳಗ್ಗೆ ಕೇಳಿಬರುತ್ತಲೇ ಇವೆ.