ತಂತಿಯಲ್ಲಿ ಗಳಿಸಿದ ಕೀರ್ತಿ

ವರ್ಚುವಲ್ ಮಶೀನ್ ಕಲಿಸುವವರು ನೆಟ್‌ವರ್ಕ್ ಆಯ್ಕೆಗೆ ಬಂದರೆ ಕೊಡುವ ಮೊದಲ ಉಪದೇಶ ಬಹುಪಾಲು ಒಂದೇ: ‘ನ್ಯಾಟ್ ತೆಗೀರಿ, ಬ್ರಿಡ್ಜ್ಡ್ ಹಾಕ್ರಿ.’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಹುಡುಗರು ಇದನ್ನು ಬಾಯಿಪಾಠ ಒಪ್ಪಿಸುವಾಗೆಲ್ಲ ನನಗೆ ಒಂದೇ ಅನುಮಾನ. ಇವರ ಲ್ಯಾಪ್‌ಟಾಪ್‌ಗೆ ಕೇಬಲ್ ಎಲ್ಲಿದೆ? ಇರುವುದು ಮೊಬೈಲ್ ಹಾಟ್‌ಸ್ಪಾಟ್.

ಬ್ರಿಡ್ಜ್ಡ್ ತನ್ನ ಕೀರ್ತಿ ಗಳಿಸಿದ್ದು ತಂತಿಯ ಮೇಲೆ. ಅಲ್ಲಿ ಅದು ನಿಜಕ್ಕೂ ಸೊಗಸು: ಒಳಗಿನ ಮಶೀನಿಗೆ ಸ್ವಂತ ಮ್ಯಾಕ್ ವಿಳಾಸ, ರೂಟರಿನಿಂದ ಸ್ವಂತ ಐಪಿ, ಲ್ಯಾಬಿನ ಮಿಕ್ಕ ಕಂಪ್ಯೂಟರುಗಳಿಗೆ ನೇರ ದರ್ಶನ. ವೈಫೈಗೆ ಬಂದರೆ ಬಣ್ಣ ಬಯಲು. ಲ್ಯಾಪ್‌ಟಾಪ್ ಕಳಿಸುವ ವೈಫೈ ಫ್ರೇಮಿನಲ್ಲಿ ಸಾಮಾನ್ಯವಾಗಿ ಮೂರೇ ವಿಳಾಸಕ್ಕೆ ಜಾಗ: ಆಕ್ಸೆಸ್ ಪಾಯಿಂಟಿನದು, ಕಳಿಸುವವರದು, ತಲುಪಬೇಕಾದವರದು. ಕಳಿಸುವವನ ಬೆನ್ನ ಹಿಂದೆ ಇನ್ನೊಬ್ಬನಿದ್ದಾನೆ ಎಂದು ಬರೆಯಲು ಕಲಮೇ ಇಲ್ಲ. ಗುರುತಿಲ್ಲದ ಮ್ಯಾಕ್ ಕಂಡರೆ ಆಕ್ಸೆಸ್ ಪಾಯಿಂಟ್ ಒಳಗೆ ಬಿಡುವುದೂ ಇಲ್ಲ. ಆಗ ಮಶೀನ್ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಮಾಡುವುದೇನು? ಹೊರಹೋಗುವ ಫ್ರೇಮಿನಲ್ಲಿ ಒಳಗಿನ ಮಶೀನಿನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪಿನದನ್ನು ಬರೆಯುತ್ತದೆ. ಬಂದ ಉತ್ತರ ಯಾರದೆಂದು ಐಪಿ ನೋಡಿ ಹಂಚುತ್ತದೆ. ಹೆಸರು ಸೇತುವೆ, ಕಸುಬು ವಿಳಾಸ ತಿದ್ದುವುದು. ನ್ಯಾಟ್ ಮಾಡುವುದೂ ಇದೇ ಜಾತಿಯ ಕೆಲಸ, ಒಂದು ಅಂತಸ್ತು ಮೇಲೆ. ಹಾಗಿದ್ದೂ ನ್ಯಾಟ್ ‘ನಕಲಿ’, ಇದು ‘ಅಸಲಿ’!

ಹರಪನಹಳ್ಳಿಯವರಿಗಂತೂ ಈ ತಿದ್ದಾಟ ಹೊಸದಲ್ಲ. ಅವರ ವಿಳಾಸದ ಜಿಲ್ಲೆ 1997ರಲ್ಲಿ ಬಳ್ಳಾರಿ ಹೋಗಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಊರು ಇದ್ದಲ್ಲೇ ಇದೆ, ಟಪಾಲೂ ಬರುತ್ತಿದೆ.

ನ್ಯಾಟ್ ಮೇಲಿನ ಇನ್ನೊಂದು ದೂರು: ಎರಡು ಮಶೀನ್ ಹಚ್ಚಿದರೆ ಎರಡರಲ್ಲೂ 10.0.2.15 ತೋರಿಸುತ್ತದೆ, ಅಂದಮೇಲೆ ಕೆಟ್ಟಿದೆ. ಕೆಟ್ಟಿಲ್ಲ ಮಾರಾಯರೆ. ವರ್ಚುವಲ್‌ಬಾಕ್ಸಿನ ನ್ಯಾಟ್ ಪ್ರತಿ ಮಶೀನಿಗೂ ಬೇರೆ ಬೇರೆ ಮನೆ ಕಟ್ಟಿಕೊಡುತ್ತದೆ; 15ನೇ ನಂಬರಿನ ಮನೆ ಹಡಗಲಿಯಲ್ಲೂ ಇರಬಹುದು, ಕೊಟ್ಟೂರಿನಲ್ಲೂ ಇರಬಹುದು. ಎರಡೂ ಮಾತಾಡಬೇಕೆಂದರೆ ‘ನ್ಯಾಟ್ ನೆಟ್‌ವರ್ಕ್’ ಎಂಬ ಬೇರೆ ಆಯ್ಕೆಯೇ ಇದೆ. ಪಟ್ಟಿ ಪೂರ್ತಿ ಓದದೆ ತೀರ್ಪು ಕೊಡುವ ಈ ವಿಮರ್ಶಕರಿಗೆ ಏನೆನ್ನಬೇಕೋ! ಇನ್ನು ಹೊರಗಿನಿಂದ ಯಾರೂ ಒಳಬರಲಾರರು ಎಂಬ ಆಕ್ಷೇಪಕ್ಕೆ ಪೋರ್ಟ್ ಫಾರ್ವರ್ಡಿಂಗ್ ಒಂದೇ ಸಾಲಿನ ಉತ್ತರ: ಲ್ಯಾಪ್‌ಟಾಪಿನ 2222ಕ್ಕೆ ಬಂದದ್ದು ಒಳಗಿನ 22ಕ್ಕೆ.

ಕಾಲೇಜೊಂದರ ಲ್ಯಾಬಿನಲ್ಲಿ ಕಂಡದ್ದು. ಹುಡುಗಿಯೊಬ್ಬಳು ತನ್ನ ಮಶೀನಿನ ಅಪಾಚೆ ವೆಬ್ ಪುಟ ತೆರೆಯಲು ಬ್ರಿಡ್ಜ್ಡ್‌ನಲ್ಲಿ ಸಿಕ್ಕ ಐಪಿಯನ್ನು ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಳು. ಮನೆಗೆ ಹೋಗಿ ಅಣ್ಣನ ಹಾಟ್‌ಸ್ಪಾಟ್ ಹಿಡಿದಳು, ಐಪಿ ಬದಲು. ಮರುದಿನ ಗೆಳತಿಯದು, ಮತ್ತೆ ಬದಲು. ಪುಟದ ತುಂಬ ಹೊಡೆದುಹಾಕಿದ ಅಂಕಿಗಳು.

ಆ ಪುಟಕ್ಕೆ ಬೇಕಾಗಿದ್ದದ್ದು ಯಾರೂ ಹೊಗಳದ ಹೋಸ್ಟ್-ಓನ್ಲಿ ಆಯ್ಕೆ, ಲ್ಯಾಪ್‌ಟಾಪ್ ಮತ್ತು ಒಳಗಿನ ಮಶೀನಿನ ನಡುವಿನ ಖಾಸಗಿ ದಾರಿ. ಮಶೀನಿನ ಮೊದಲ ನೆಟ್‌ವರ್ಕ್ ಕಾರ್ಡ್ ನ್ಯಾಟ್ ಆಗಿಯೇ ಇರಲಿ, ಪ್ಯಾಕೇಜ್ ಇಳಿಸಲು. ಎರಡನೆಯದು ಹೋಸ್ಟ್-ಓನ್ಲಿ: ಲ್ಯಾಪ್‌ಟಾಪ್ 192.168.56.1, ಮಶೀನಿಗೆ ಕೈಯಾರೆ ಕೊಟ್ಟ 192.168.56.10. ಇದಕ್ಕೆ ರೂಟರ್ ಬೇಡ, ಡೇಟಾ ಪ್ಯಾಕ್ ಬೇಡ. ಅವಳಿಗೆ ಹಾಗೆ ಮಾಡಿಕೊಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು, ವೈಫೈ ಸತ್ತಿತು. ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅವಳ ಅಪಾಚೆ ಪುಟ ಮಾತ್ರ ತೆರೆದುಕೊಳ್ಳುತ್ತಲೇ ಇತ್ತು.